ಆರನೇ ಲೇನಿನ ಗೆರೆ

ಮೂವತ್ತೊಂದು ವರ್ಷ ಒಂದೇ ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದವಳಿಗೆ ಆ ಶಾಲೆಯ ಮಕ್ಕಳು ಇಟ್ಟ ಹೆಸರು ಸುಣ್ಣದಕ್ಕ. ಗಂಟೆ ಹೊಡೆಯುವುದು, ನೋಟಿಸು ಹಿಡಿದು ಕ್ಲಾಸಿನಿಂದ ಕ್ಲಾಸಿಗೆ ಓಡಾಡುವುದು, ಪ್ರಯೋಗಶಾಲೆಯ ಗಾಜಿನ ಸಾಮಾನು ತೊಳೆದಿಡುವುದು, ಎಲ್ಲ ಅವಳ ಕೆಲಸವೇ. ಆದರೆ ಮಕ್ಕಳ ಕಣ್ಣಿಗೆ ಅವಳು ನಿಜವಾಗಿ ಬೀಳುತ್ತಿದ್ದದ್ದು ವರ್ಷದಲ್ಲಿ ಎರಡೇ ದಿನ, ಆಟೋಟದ ಸ್ಪರ್ಧೆಗೆ ಮುಂಚಿನ ಎರಡು ದಿನ. ತಲೆಗೆ ಟವೆಲ್ ಸುತ್ತಿಕೊಂಡು, ಬಕೆಟ್ಟಿನ ತುಂಬ ಸುಣ್ಣದ ಪುಡಿ ಇಟ್ಟುಕೊಂಡು, ಬಗ್ಗಿದ ಬೆನ್ನು ಎತ್ತದೆ ಮೈದಾನದ ಸುತ್ತ ಗೆರೆ ಎಳೆಯುತ್ತಿದ್ದಳು. ಸಂಜೆ ಹೊತ್ತಿಗೆ ಹುಬ್ಬು, ರೆಪ್ಪೆ, ಕಿವಿಯ ಸಂದು ಎಲ್ಲ ಬೆಳ್ಳಗೆ. ಹೆಸರು ಅಂಟಿಕೊಂಡಿದ್ದು ಹಾಗೆ.

ಈ ವಿದ್ಯೆ ಕಲಿಸಿದ್ದು ಅವಳು ಕೆಲಸಕ್ಕೆ ಸೇರಿದ ಕಾಲದ ಡ್ರಿಲ್ ಮೇಷ್ಟ್ರು. ಟೇಪಿನ ಇನ್ನೊಂದು ತುದಿ ಹಿಡಿದುಕೊಳ್ಳಲು ಒಬ್ಬರು ಬೇಕಾಗಿತ್ತು, ಎದುರಿಗೆ ಸಿಕ್ಕವಳನ್ನು ಕರೆದರು ಅಷ್ಟೆ. ಆದರೆ ಮನುಷ್ಯ ಸುಮ್ಮನೆ ಕೆಲಸ ಮಾಡಿಸಿಕೊಳ್ಳುವವರಲ್ಲ, ಯಾಕೆ ಏನು ಎಂದು ಬಿಡಿಸಿ ಹೇಳುವ ಸ್ವಭಾವ.

"ನೋಡಮ್ಮ, ಒಳಗಿನ ಲೇನಿನವಳು ಚಿಕ್ಕ ಸುತ್ತು ಓಡ್ತಾಳೆ, ಹೊರಗಿನವಳು ದೊಡ್ಡ ಸುತ್ತು. ಎಲ್ಲರನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿದ್ರೆ ಹೊರಗಿನವಳಿಗೆ ಮೋಸ. ಅದಕ್ಕೇ ಹೊರಗೆ ಹೋದ ಹಾಗೆಲ್ಲ ಸ್ವಲ್ಪ ಸ್ವಲ್ಪ ಮುಂದಕ್ಕೆ ನಿಲ್ಲಿಸ್ಬೇಕು."

ಹಾಗೆ ಒಂದಕ್ಕಿಂತ ಒಂದು ಮುಂದೆ ಹೋಗುವ ಆ ಗೆರೆಗಳು ಮೆಟ್ಟಿಲಿನ ಹಾಗೆ ಕಾಣುತ್ತಿದ್ದದ್ದರಿಂದ ಸುಣ್ಣದಕ್ಕ ಅವನ್ನು ಮೆಟ್ಟಿಲು ಎಂದೇ ಕರೆದಳು. ಲೇನಿನ ಅಗಲವನ್ನು ಆರು ಪಾಯಿಂಟ್ ಇಪ್ಪತ್ತೆಂಟರಿಂದ ಗುಣಿಸಿದರೆ ಒಂದು ಮೆಟ್ಟಿಲು. ಮೈದಾನ ಹಿರಿದಿರಲಿ ಕಿರಿದಿರಲಿ, ಪೂರ್ತಿ ಒಂದು ಸುತ್ತಿಗೆ ಇದೇ ಲೆಕ್ಕ. ಅರ್ಧ ಸುತ್ತಿನ ಓಟವಾದರೆ ಅದರಲ್ಲಿ ಅರ್ಧ. ಮೇಷ್ಟ್ರು ವರ್ಗವಾಗಿ ಹೋದರು. ಆಮೇಲೆ ಬಂದ ಆರೇಳು ಜನ ಡ್ರಿಲ್ ಮೇಷ್ಟ್ರುಗಳೂ ಟ್ರ್ಯಾಕಿನ ಮಾತು ಬಂದಾಗ "ಸುಣ್ಣದಕ್ಕನ್ನ ಕರೀರಿ" ಅನ್ನುವುದನ್ನು ಮೊದಲ ವಾರದಲ್ಲೇ ಕಲಿತುಬಿಡುತ್ತಿದ್ದರು.

ಅವಳು ನಿವೃತ್ತಿಯಾದ ತಿಂಗಳೇ ತಮ್ಮನ ಮಗಳ ಫೋನು ಬಂತು. ಚಿಕ್ಕಂದಿನಲ್ಲಿ ಒಂದು ಕಡೆ ನಿಲ್ಲುತ್ತಿರಲಿಲ್ಲವೆಂದು ಮನೆಮಂದಿ ಅವಳನ್ನು ಬುಗುರಿ ಎನ್ನುತ್ತಿದ್ದರು. ಈಗ ಆ ಬುಗುರಿ ಪರದೇಶದ ಒಂದು ಊರಿನಲ್ಲಿ ಬಸ್ ಡ್ರೈವರು.

"ಅತ್ತೆ, ಗಂಟೆ ಹೊಡೆದಿದ್ದು ಸಾಕು. ಒಂದು ತಿಂಗಳು ನನ್ನ ಹತ್ರ ಬಂದಿರಿ. ನನ್ನ ಬಸ್ಸಲ್ಲಿ ಮುಂದಿನ ಸೀಟು ನಿಮಗೇ."

"ನೀನು ಓಡಿಸೋ ಬಸ್ಸಾ? ಹಾಗಿದ್ರೆ ಹಿಂದಿನ ಸೀಟೇ ಇರ್ಲಿ ಕಣೇ" ಎಂದಳು ಸುಣ್ಣದಕ್ಕ. ಹೋದಳು ಮಾತ್ರ.

ಬುಗುರಿಯ ಮನೆ ಎರಡನೇ ಮಹಡಿಯಲ್ಲಿ. ಒಂದು ಕೋಣೆ, ಮೈ ತಿರುಗಿಸಲು ಮಾತ್ರ ಜಾಗವಿದ್ದ ಅಡುಗೆಮನೆ, ಬಾಗಿಲ ಹಿಂದೆ ನೇತುಹಾಕಿದ ಎರಡು ಜೊತೆ ಯೂನಿಫಾರಮ್ಮು. ಕೆಳಗಿನ ಮನೆಯಲ್ಲಿ ಎಪ್ಪತ್ತೊಂದು ವರ್ಷದ ದರ್ಜಿ ಅಜ್ಜಿ, ಹೊಲಿಗೆ ಮಿಷಿನ್ನಿನ ಸದ್ದು ಬೆಳಗಿನಿಂದಲೇ ಮೆಟ್ಟಿಲ ಮೇಲೆ ಕೇಳುತ್ತಿತ್ತು. ಕಿಟಕಿ ತೆರೆದರೆ ದೊಡ್ಡ ಹುಲ್ಲಿನ ಮೈದಾನ. ಮೊದಲ ಸಂಜೆಯೇ ಸುಣ್ಣದಕ್ಕ ಕಿಟಕಿಯಿಂದ ಕದಲಲಿಲ್ಲ. ಹೊಟ್ಟೆ ಬಂದ ಗಂಡಸರು, ಕೈಗೂಸನ್ನು ತಳ್ಳುಗಾಡಿಯಲ್ಲಿ ತಳ್ಳುತ್ತ ಒಬ್ಬ ತಾಯಿ, ತಲೆ ನೆರೆತ ಜೋಡಿ, ಎಲ್ಲರೂ ಓಡುತ್ತಿದ್ದಾರೆ.

"ಏನೇ ಇದು, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರಾ ಇವರನ್ನ?"

ಬುಗುರಿ ನಕ್ಕು ವಿವರಿಸಿದಳು. ವರ್ಷಕ್ಕೊಮ್ಮೆ ಈ ಮೈದಾನದಲ್ಲಿ ಬೀದಿಬೀದಿಗಳ ನಡುವೆ, ಕೆಲಸದ ಜಾಗಗಳ ನಡುವೆ ಓಟದ ಪಂದ್ಯ. ಬೇಕರಿಯವರದೊಂದು ತಂಡ, ಆಸ್ಪತ್ರೆಯವರದೊಂದು, ಮೀನಿನ ಮಾರುಕಟ್ಟೆಯವರದೊಂದು. ಓಡುವವರು ಯಾರೂ ಆಟವನ್ನೇ ಕಸುಬು ಮಾಡಿಕೊಂಡವರಲ್ಲ. ಆದರೆ ಆ ಒಂದು ದಿನಕ್ಕಾಗಿ ವರ್ಷಪೂರ್ತಿ ಮೈ ಬಗ್ಗಿಸುತ್ತಾರೆ. ಈ ಸಲ ಬಸ್ ಡಿಪೋದ ತಂಡ ಮೊದಲ ಬಾರಿ ಇಳಿಯುತ್ತಿದೆ, ಹೆಂಗಸರ ನಾನೂರು ಮೀಟರಿಗೆ ಬುಗುರಿಯೇ.

"ಹೊಸ ತಂಡಕ್ಕೆ ಎಲ್ಲಕ್ಕಿಂತ ಹೊರಗಿನ ಲೇನು ಕೊಡೋದು ರೂಢಿ, ಅತ್ತೆ. ನಂದು ಆರನೇ ಲೇನು."

"ಯಾವ ಲೇನಾದ್ರೇನು, ಗೆರೆ ಸರಿ ಇದ್ರೆ ಎಲ್ಲ ಒಂದೇ" ಎಂದಳು ಅತ್ತೆ.

ಪಂದ್ಯದ ದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಬೀದಿ ಖಾಲಿಯಾಗಿ ಮೈದಾನ ತುಂಬಿತ್ತು. ಮಡಿಚುವ ಕುರ್ಚಿ ಹಿಡಿದು ಬಂದ ಮುದುಕರು ತಮ್ಮ ತಮ್ಮ ಜಾಗದಲ್ಲೇ ಕುಳಿತರು. ಅಲ್ಲಿ ಕೂರಲು ಹೋದ ಯಾರೋ ಹೊಸಬನನ್ನು ಮೂರು ಜನ ಸೇರಿ ಎಬ್ಬಿಸಿದರು. ಬೇಲಿಯ ಹಲಗೆಗಳನ್ನು ಅಂಗೈಯಿಂದ ಬಡಿಯುವುದೇ ಅಲ್ಲಿಯ ಚಪ್ಪಾಳೆ. ಬೇಕರಿಯವನ ಮೊಣಕೈಯಲ್ಲಿ ಇನ್ನೂ ಹಿಟ್ಟು. ಆಸ್ಪತ್ರೆಯ ಆಯಾ ಎದೆಗೆ ನಂಬರು ಚುಚ್ಚಿಕೊಂಡು, ಹೋದ ವರ್ಷ ತನ್ನನ್ನು ಸೋಲಿಸಿದ್ದ ಮೀನಿನ ಅಂಗಡಿಯವಳ ಬೆನ್ನಿಗೆ ತಾನೇ ನಂಬರು ಚುಚ್ಚಿಕೊಡುತ್ತಿದ್ದಳು.

ಮೊದಲ ಓಟ ಅರವತ್ತು ದಾಟಿದ ಹೆಂಗಸರದು, ನೇರ ನೂರು ಮೀಟರು. ನಿಂತವರ ಸಾಲಿನಲ್ಲಿ ದರ್ಜಿ ಅಜ್ಜಿಯನ್ನು ನೋಡಿ ಸುಣ್ಣದಕ್ಕನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಜ್ಜಿ ತಾನೇ ಹೊಲಿದುಕೊಂಡ ಹಳದಿ ಅಂಗಿ ತೊಟ್ಟು, ಕನ್ನಡಕಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿಕೊಂಡಿದ್ದಳು. ಸೀಟಿ ಕೂಗಿತು. ಐದು ಜನ ಗುರಿ ಮುಟ್ಟಿ ನೀರು ಕುಡಿಯುವಾಗಲೂ ಅಜ್ಜಿ ಅರ್ಧ ದಾರಿ ದಾಟಿ ಸ್ವಲ್ಪ ಮುಂದಿದ್ದಳಷ್ಟೆ. ಆಗ ಶುರುವಾಯಿತು ಬೇಲಿಯ ಬಡಿತ. ಗೆದ್ದವಳಿಗೆ ಬಿದ್ದದ್ದಕ್ಕಿಂತ ಎರಡರಷ್ಟು. ಗೆದ್ದವಳೂ ಹಿಂತಿರುಗಿ ಬಂದು ಬಡಿದಳು. ಅಜ್ಜಿ ಗೆರೆ ದಾಟಿ, ಕೈಗಡಿಯಾರ ನೋಡಿಕೊಂಡು, ಎರಡು ಬೆರಳು ಎತ್ತಿ ತೋರಿಸಿದಳು.

"ಹೋದ ವರ್ಷಕ್ಕಿಂತ ಎರಡು ಸೆಕೆಂಡು ಬೇಗ ಅಂತೆ" ಎಂದಳು ಬುಗುರಿ.

ತನ್ನ ಶಾಲೆಯಲ್ಲಿ ಕೊನೆಗೆ ಉಳಿದ ಮಗು ಓಟ ಬಿಟ್ಟು ಅಡ್ಡದಾರಿಯಲ್ಲಿ ಓಡಿ ಮರದ ಹಿಂದೆ ಅವಿತುಕೊಳ್ಳುತ್ತಿದ್ದದ್ದನ್ನು ಸುಣ್ಣದಕ್ಕ ಎಷ್ಟು ಸಲ ನೋಡಿದ್ದಳೋ! ಇಲ್ಲಿ ಕೊನೆಯವಳಿಗೇ ಮೆರವಣಿಗೆ. ಇವಳೂ ಹೋಗಿ ಬೇಲಿಯನ್ನು ಎರಡೂ ಕೈಯಿಂದ ಬಡಿದು ಬಂದಳು. ಅಂಗೈ ಉರಿಯಿತು, ಹಿತವಾಗಿತ್ತು.

ನಾನೂರು ಮೀಟರಿಗೆ ಇನ್ನೂ ಒಂದು ಗಂಟೆಯಿತ್ತು. ಬುಗುರಿ ಮೈ ಬಿಸಿ ಮಾಡಿಕೊಳ್ಳಲು ಹೋದಳು. ಸುಣ್ಣದಕ್ಕನ ಕಾಲು ತಾನಾಗಿ ಟ್ರ್ಯಾಕಿನ ಕಡೆ ನಡೆಯಿತು. ಇಲ್ಲಿ ಸುಣ್ಣವಿಲ್ಲ, ಚಕ್ರದ ಡಬ್ಬಿಯೊಂದನ್ನು ತಳ್ಳಿದರೆ ಬಿಳಿ ಬಣ್ಣದ ಗೆರೆ ಬೀಳುತ್ತದೆ. ಗೆರೆ ಎಷ್ಟು ಚೆಂದವೆಂದರೆ ಅವಳಿಗೆ ಹೊಟ್ಟೆಕಿಚ್ಚಾಯಿತು. ಲೇನು ಒಂದೂಕಾಲು ಮೀಟರಿಗೆ ಚೂರು ಕಮ್ಮಿ ಅಗಲ ಅಂತ ಕಣ್ಣಲ್ಲೇ ಅಳೆದಳು. ನಾನೂರರ ಓಟ ಶುರುವಾಗುವ ಕಡೆ ಬಂದು ನಿಂತಳು. ಒಂದನೇ ಲೇನಿನ ಗೆರೆ ನೋಡಿದಳು, ಎರಡನೆಯದು ನೋಡಿದಳು, ಆರನೆಯದರವರೆಗೂ ಕಣ್ಣು ಹಾಯಿಸಿದಳು. ಮತ್ತೆ ಹಿಂದಕ್ಕೆ ಬಂದಳು.

ಮೆಟ್ಟಿಲು ಗಿಡ್ಡ.

ಹೆಜ್ಜೆ ಹಾಕಿ ನೋಡಿದಳು. ಹನ್ನೆರಡು ಹದಿಮೂರು ಹೆಜ್ಜೆ ಬರಬೇಕಾದ ಕಡೆ ಆರೂವರೆ. ಮತ್ತೊಂದು ಲೇನು, ಮತ್ತೆ ಆರೂವರೆ. ಸರಿಯಾಗಿ ಅರ್ಧ. ಅಂದರೆ ಯಾರೋ ಅರ್ಧ ಸುತ್ತಿನ ಲೆಕ್ಕವನ್ನು ಪೂರ್ತಿ ಸುತ್ತಿಗೆ ಹಾಕಿದ್ದಾರೆ. ಒಂದನೇ ಲೇನಿನವಳು ನಾನೂರು ಓಡಿದರೆ ಆರನೇ ಲೇನಿನವಳು ನಾನೂರ ಹತ್ತೊಂಬತ್ತು ಓಡಬೇಕು. ಆರನೇ ಲೇನಿನವಳು ಯಾರು? ಬುಗುರಿ.

ಓಡಿಹೋಗಿ ಅವಳ ತೋಳು ಹಿಡಿದಳು. "ಗೆರೆ ತಪ್ಪಿದೆ ಕಣೇ. ಬಾ, ಹೇಳೋಣ."

ಬುಗುರಿಯ ಮುಖ ಸಣ್ಣಗಾಯಿತು. "ಅತ್ತೆ, ದಮ್ಮಯ್ಯ, ಸುಮ್ನಿರಿ. ನಾವು ಇದೇ ಮೊದಲ್ನೇ ಸಲ ಬಂದಿರೋದು. ನನ್ನ ಲೇನು ಅಂತ ತಗಾದೆ ತೆಗೀತಿದ್ದೀವಿ ಅಂದ್ಕೊಳ್ಳಲ್ವಾ? ನಲವತ್ತು ವರ್ಷದಿಂದ ನಡೆಸ್ತಿರೋ ಜನ ಅವರು."

"ನಿನ್ನೊಬ್ಬಳದಲ್ಲ. ಎರಡನೇ ಲೇನಿಂದ ಹಿಡಿದು ಐದು ಜನರದ್ದೂ ತಪ್ಪಿದೆ. ನಿನಗೆ ಜಾಸ್ತಿ, ಅಷ್ಟೇ."

"ಸೋತ್ರೆ ಸೋತೆ, ಬಿಡಿ ಅತ್ತೆ."

ಸುಣ್ಣದಕ್ಕ ಹುಲ್ಲಿನ ಮೇಲೆ ಕುಳಿತುಬಿಟ್ಟಳು, ಬುಗುರಿಯನ್ನೂ ಎಳೆದು ಕೂರಿಸಿದಳು. ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿಯನ್ನು ಅಲ್ಲಿ ಹೇಳಿದಳು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವಳೂ ಇದೇ ತಪ್ಪು ಮಾಡಿದ್ದಳು. ಐದನೇ ಲೇನಿನಲ್ಲಿ ಓಡಿದ ಒಂಬತ್ತನೇ ಕ್ಲಾಸಿನ ಹುಡುಗಿ ಒಂದು ಮಾರು ದೂರದಲ್ಲಿ ಎರಡನೆಯವಳಾದಳು. ಮಾರನೇ ದಿನ ಮೈದಾನ ಗುಡಿಸುವಾಗ ಇವಳಿಗೆ ಮೆಟ್ಟಿಲು ಕಣ್ಣಿಗೆ ಹೊಡೆಯಿತು. ಮೇಷ್ಟ್ರು, "ಬಹುಮಾನ ಕೊಟ್ಟಾಯ್ತಲ್ಲಮ್ಮ, ಇನ್ನು ಕೆದಕೋದು ಬೇಡ" ಎಂದರು. ಇವಳ ಮನಸ್ಸು ಕೇಳಲಿಲ್ಲ. ಆ ಹುಡುಗಿಯ ಮನೆ ಹುಡುಕಿಕೊಂಡು ಹೋಗಿ, "ನೀನು ಸೋತಿಲ್ಲ ಕಣಮ್ಮ, ನನ್ನ ಗೆರೆ ನಿನ್ನನ್ನ ಸೋಲಿಸ್ತು" ಎಂದು ಒಪ್ಪಿಕೊಂಡಳು.

"ಏನಂದ್ಲು ಅವಳು?"

"ಮುಖ ತಿರುಗಿಸಿ ಒಳಗೆ ಹೋದ್ಲು. ನಾನು ಇಷ್ಟು ನಿಧಾನನಾ ಅಂತ ಆಗಲೇ ಓಟಾನೇ ಬಿಟ್ಟುಬಿಟ್ಟಿದ್ಲು ಅಂತ ಅವರಮ್ಮ ಹೇಳಿದ್ರು. ಆಮೇಲೆ ಎಷ್ಟು ಕರೆದ್ರೂ ಮೈದಾನಕ್ಕೆ ಇಳೀಲಿಲ್ಲ." ಸುಣ್ಣದಕ್ಕ ಎದ್ದು ಹುಲ್ಲು ಕೊಡವಿಕೊಂಡಳು. "ಅವತ್ತಿಂದ ನನ್ನ ಕಣ್ಣೆದುರಿಗೆ ತಪ್ಪು ಗೆರೆ ಮೇಲೆ ಯಾರನ್ನೂ ನಿಲ್ಲಿಸಿಲ್ಲ. ಊರು ಯಾವುದಾದ್ರೇನು? ನೀನು ಬರ್ದಿದ್ರೆ ನಾನೇ ಹೋಗಿ ಕೈಸನ್ನೆ ಮಾಡ್ತೀನಿ."

ಬುಗುರಿ ಎದ್ದಳು.

ಪಂದ್ಯದ ಯಜಮಾನಿಕೆ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬನದು. ಕೊರಳಿಗೆ ಸೀಟಿ, ಕಂಕುಳಲ್ಲಿ ದಪ್ಪ ರಟ್ಟಿನ ಪುಸ್ತಕ, ಕೆಂಪು ಮುಖ. ಪಕ್ಕದಲ್ಲಿ ಈ ವರ್ಷ ಗೆರೆ ಹಾಕಿದ ಪ್ಲಂಬರು. ವರ್ಷವರ್ಷ ಗೆರೆ ಹಾಕುತ್ತಿದ್ದವನು ಊರು ಬಿಟ್ಟಿದ್ದರಿಂದ ಅವನ ಕೊರಳಿಗೆ ಬಿದ್ದ ಕೆಲಸ. ಸುಣ್ಣದಕ್ಕ ನಿಂತಲ್ಲೇ ಎರಡು ನಿಮಿಷ ವಿವರಿಸಿದಳು. ಬುಗುರಿ ಅದನ್ನು ಅವರ ಭಾಷೆಯಲ್ಲಿ ಒಂದೇ ಉಸಿರಿಗೆ ಮುಗಿಸಿದಳು.

"ನಾನು ಹೇಳಿದ್ದು ಅಷ್ಟುದ್ದ, ನೀನು ಹೇಳಿದ್ದು ಇಷ್ಟೇನಾ? ಮೆತ್ತಗೆ ಮಾಡಿ ಹೇಳ್ಬೇಡ ಕಣೇ. ಇದ್ದದ್ದು ಇದ್ದ ಹಾಗೆ ಹೇಳು."

ಬುಗುರಿ ಮತ್ತೆ ಹೇಳಿದಳು, ಈ ಸಲ ಬೆರಳು ಮಡಿಚಿ ಮಡಿಚಿ. ಪೋಸ್ಟ್‌ಮ್ಯಾನ್ ಸುಣ್ಣದಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಏನೋ ಕೇಳಿದ.

"ನೀವು ಓಟಗಾರ್ತಿನಾ ಅಂತ ಕೇಳ್ತಿದ್ದಾರೆ."

"ಅಲ್ಲ ಅನ್ನು. ಗೆರೆ ಹಾಕೋಳು ಅನ್ನು. ಮೂವತ್ತೊಂದು ವರ್ಷ."

ಪ್ಲಂಬರು ಪುಸ್ತಕದ ಪುಟ ತೆರೆದು ತನ್ನ ಲೆಕ್ಕ ತೋರಿಸಿ ಜೋರಾಗಿ ಮಾತಾಡತೊಡಗಿದ. ಕುರ್ಚಿಯ ಮುದುಕರು ಕತ್ತು ಉದ್ದ ಮಾಡಿದರು. ಸುಣ್ಣದಕ್ಕನ ಕಣ್ಣು ಪುಸ್ತಕದ ಮೇಲಿರಲಿಲ್ಲ, ಅವನ ಕಾಲ ಬಳಿ ಬಿದ್ದಿದ್ದ ಸಲಕರಣೆಯ ಮೇಲಿತ್ತು. ಉದ್ದ ಕೋಲಿನ ತುದಿಗೆ ಚಕ್ರ, ಉರುಳಿಸಿದಷ್ಟೂ ಮೀಟರಿನ ಅಂಕಿ ತೋರಿಸುವ ಡಬ್ಬಿ. ಅದನ್ನು ಎತ್ತಿ ಪೋಸ್ಟ್‌ಮ್ಯಾನಿನ ಕೈಗೆ ಕೊಟ್ಟಳು. ಟ್ರ್ಯಾಕಿನ ಕಡೆ ಕೈ ತೋರಿಸಿದಳು. ಇದಕ್ಕೆ ಭಾಷಾಂತರ ಬೇಕಾಗಲಿಲ್ಲ.

ಪೋಸ್ಟ್‌ಮ್ಯಾನ್ ಮುದುಕ ಚಕ್ರ ಹಿಡಿದು ಒಂದನೇ ಲೇನಿನಲ್ಲಿ ಹೊರಟ. ಇಡೀ ಜೀವಮಾನ ನಡೆದೇ ಬದುಕಿದವನು, ನಡಿಗೆಯಲ್ಲಿ ಆತುರವಿಲ್ಲ, ಅಳುಕೂ ಇಲ್ಲ. ಸುತ್ತು ಮುಗಿಸಿ ಅಂಕಿ ಓದಿದ, ನಾನೂರು. ಪ್ಲಂಬರು ಎದೆ ಉಬ್ಬಿಸಿದ. ಮುದುಕ ಅಂಕಿಯನ್ನು ಸೊನ್ನೆಗೆ ತಂದು ಆರನೇ ಲೇನಿನ ಗೆರೆಯಿಂದ ಮತ್ತೆ ಹೊರಟ. ಈಗ ಜನ ಕುರ್ಚಿ ಬಿಟ್ಟು ಎದ್ದಿದ್ದರು. ಚಕ್ರ ತಿರುವಿನಲ್ಲಿ ತಿರುಗಿ, ನೇರ ದಾರಿಗೆ ಬಂದು, ಎರಡನೇ ತಿರುವು ದಾಟಿತು. ಮುಗಿಯುವ ಗೆರೆಗೆ ಇನ್ನೂ ದೂರವಿರುವಾಗಲೇ ಡಬ್ಬಿ ನಾನೂರು ತೋರಿಸಿರಬೇಕು, ಮುದುಕ ಗಕ್ಕನೆ ನಿಂತು ಮುಂದಿನ ಹುಲ್ಲನ್ನು ನೋಡಿದ. ಆಮೇಲೆ ಉಳಿದದ್ದನ್ನೂ ನಡೆದು ಮುಗಿಸಿ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಓದಿದ.

"ನಾನೂರ ಹತ್ತೊಂಬತ್ತು" ಎಂದಳು ಬುಗುರಿ, ಅತ್ತೆಯ ಕೈ ಗಟ್ಟಿಯಾಗಿ ಹಿಡಿದುಕೊಂಡು.

ಪುಸ್ತಕ ಮತ್ತೆ ತೆರೆಯಿತು. ಒಂದರ ಪಕ್ಕ ಒಂದು ಎರಡು ಸಾಲು ಅಂಕಿಗಳಿದ್ದವು, ಅರ್ಧ ಸುತ್ತಿಗೊಂದು, ಪೂರ್ತಿ ಸುತ್ತಿಗೊಂದು. ಪ್ಲಂಬರು ಓದಿದ್ದು ಪಕ್ಕದ ಸಾಲು. ಅವನ ಕಿವಿ ಕೆಂಪಾಯಿತು. ಯಾರೋ ಹಿಂದಿನಿಂದ ಏನೋ ಅಂದರು, ಒಂದಿಬ್ಬರು ನಕ್ಕರು. ಸುಣ್ಣದಕ್ಕನಿಗೆ ಭಾಷೆ ತಿಳಿಯದಿದ್ದರೂ ನಗೆಯ ಜಾತಿ ತಿಳಿಯಿತು.

"ಅವರಿಗೆ ಹೇಳು, ನಾನೂ ಇದೇ ತಪ್ಪು ಮಾಡಿದ್ದೆ ಅಂತ. ನಂದು ಓಟ ಮುಗಿದ ಮೇಲೆ ಗೊತ್ತಾಯ್ತು, ಇವರದ್ದು ಮುಂಚೇನೇ ಗೊತ್ತಾಯ್ತು. ಅದೃಷ್ಟವಂತರು ಅನ್ನು. ಮತ್ತೆ, ಗೆರೆ ಬಹಳ ಚೆನ್ನಾಗಿ ಬಂದಿದೆ, ನಾನು ಸುಣ್ಣದಲ್ಲಿ ಇಷ್ಟು ನೇರ ಎಳೆದಿಲ್ಲ ಅನ್ನು."

ಪ್ಲಂಬರು ಅದನ್ನು ಕೇಳಿ ಗೆರೆ ಹಾಕುವ ಬಣ್ಣದ ಗಾಡಿಯ ಹಿಡಿಯನ್ನು ಅವಳ ಕಡೆ ತಿರುಗಿಸಿದ.

ಅರ್ಧ ಗಂಟೆಯಿತ್ತು. ಸುಣ್ಣದಕ್ಕ ಮೊದಲು ಲೇನಿನ ಅಗಲ ಅಳೆಸಿದಳು, ಒಂದು ಮೀಟರು ಇಪ್ಪತ್ತೆರಡು. ಕಡ್ಡಿಯೊಂದನ್ನು ತೆಗೆದುಕೊಂಡು ಹುಲ್ಲಿಲ್ಲದ ಮಣ್ಣಿನಲ್ಲಿ ಗುಣಾಕಾರ ಮಾಡಿದಳು, ಏಳು ಮೀಟರು ಅರವತ್ತಾರು. ಪೋಸ್ಟ್‌ಮ್ಯಾನ್ ಪುಸ್ತಕ ನೋಡಿ ಒಂದು ಬೆರಳು ಎತ್ತಿದ. ಅಲ್ಲಿ ಒಂದು ಸೆಂಟಿಮೀಟರು ಹೆಚ್ಚಿತ್ತು. "ಪುಸ್ತಕದ್ದೇ ಇಟ್ಕೊಳ್ಳೋಣ" ಎಂದಳು ಅವಳು ಧಾರಾಳವಾಗಿ. ತಿರುವಿನಲ್ಲಿ ಟೇಪನ್ನು ಒಮ್ಮೆಗೇ ಎಳೆದರೆ ಅದು ಅಡ್ಡದಾರಿ ಹಿಡಿಯುತ್ತದೆ. ಹಾಗಾಗಿ ಗೇಣುಗೇಣಿಗೆ ಬೆರಳು ಒತ್ತಿ, ಬಳುಕಿಸಿ, ಲೇನಿನ ಜೊತೆಗೇ ಬಾಗಿಸಿಕೊಂಡು ಹೋದಳು. ಪ್ಲಂಬರು ಮಂಡಿಯೂರಿ ಇನ್ನೊಂದು ತುದಿ ಹಿಡಿದ. ಎರಡನೇ ಲೇನಿನ ಹೊತ್ತಿಗೆ ಅವಳು ಬೆರಳು ಎಲ್ಲಿಡುತ್ತಾಳೆಂದು ಅವನಿಗೆ ಗೊತ್ತಾಗಿತ್ತು, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವಳಿಗಿಂತ ಮುಂಚೆ ಅವನೇ ಇಡುತ್ತಿದ್ದ. ಹಳೆಯ ಗೆರೆಗಳ ಮೇಲೆ ದೊಡ್ಡ ಕಾಟು ಹೊಡೆದರು. ಹೊಸ ಗೆರೆಗಳನ್ನು ಸುಣ್ಣದಕ್ಕ ತಾನೇ ಗಾಡಿ ತಳ್ಳಿ ಎಳೆದಳು. ಮೊದಲನೆಯದು ಒಂದು ಕೂದಲಿನಷ್ಟು ಸೊಟ್ಟಗಾಯಿತು. ಉಳಿದವು ದಾರ ಹಿಡಿದ ಹಾಗೆ ಬಂದವು. ಬಗ್ಗಬೇಕಾಗಿಲ್ಲ, ಬೆನ್ನು ನೆಟ್ಟಗಿಟ್ಟುಕೊಂಡು ಗೆರೆ ಎಳೆಯುವುದು ಅವಳ ಜೀವನದಲ್ಲಿ ಅದೇ ಮೊದಲು.

ಆರು ಜನ ಮೆಟ್ಟಿಲೇರಿ ನಿಂತ ಹಾಗೆ ನಿಂತರು. ಬುಗುರಿ ಎಲ್ಲರಿಗಿಂತ ಮುಂದೆ, ಬೇರೆ ಯಾರೂ ಅವಳ ಕಣ್ಣಿಗೆ ಕಾಣದ ಜಾಗದಲ್ಲಿ. ಸೀಟಿ ಕೂಗಿತು. ಮೊದಲ ತಿರುವಿನಲ್ಲಿ ಚೆನ್ನಾಗಿಯೇ ಹೋದಳು. ಎದುರಿನ ನೇರ ದಾರಿಯಲ್ಲಿ ಮೀನಿನ ಅಂಗಡಿಯವಳು ಗಾಳಿಯ ಹಾಗೆ ಬಂದಳು, ಹಿಂದೆಯೇ ಆಸ್ಪತ್ರೆಯ ಆಯಾ. ಕೊನೆಯ ತಿರುವು ಬಿಟ್ಟು ಹೊರಬಿದ್ದಾಗ ಆರು ಜನರೂ ಒಂದೇ ಹಗ್ಗ ಹಿಡಿದ ಹಾಗೆ ಸಾಲಾಗಿದ್ದರು. ಸುಣ್ಣದಕ್ಕ ಬುಗುರಿಯನ್ನು ನೋಡುವುದು ಮರೆತು ಆ ಸಾಲನ್ನೇ ನೋಡಿದಳು. ಗೆರೆ ಸರಿಯಿದ್ದರೆ ಓಟ ಕಾಣುವುದು ಹೀಗೆ.

ಆಯಾ ಗೆದ್ದಳು. ಬುಗುರಿ ನಾಲ್ಕನೆಯವಳು, ಮೂರನೆಯವಳಿಗಿಂತ ಒಂದು ಗೇಣು ಹಿಂದೆ. ಹುಲ್ಲಿನ ಮೇಲೆ ಬಿದ್ದುಕೊಂಡು ಉಸಿರಿಗಾಗಿ ಒದ್ದಾಡುತ್ತಲೇ, "ಅತ್ತೆ, ನಾಲ್ಕು!" ಎಂದು ನಕ್ಕಳು.

"ನಾಲ್ಕು ಅಂದ್ರೆ ನಾಲ್ಕೇ ಕಣೇ. ಒಂದು ಚೂರೂ ಹೆಚ್ಚಿಲ್ಲ, ಒಂದು ಚೂರೂ ಕಮ್ಮಿ ಇಲ್ಲ" ಎಂದು ಅತ್ತೆ ಅವಳ ಬೆವರನ್ನು ತನ್ನ ಟವೆಲಿನಿಂದಲೇ ಒರೆಸಿದಳು.

ಬಹುಮಾನ ಕೊಡುವ ಮೊದಲು ಪೋಸ್ಟ್‌ಮ್ಯಾನ್ ಮೈಕು ಹಿಡಿದು ಬುಗುರಿಯ ಹತ್ತಿರ ಅವಳ ಅತ್ತೆಯ ಹೆಸರು ಕೇಳಿದ. ಎರಡು ಸಲ ತಪ್ಪಾಗಿ, ಮೂರನೇ ಸಲ ಸರಿಯಾಗಿ ಹೇಳಿದ. ಆಮೇಲೆ ಇನ್ನೇನೋ ಹೇಳಿದ. ಬೇಲಿಯ ಬಡಿತ ಶುರುವಾಯಿತು, ನಿಲ್ಲಲೇ ಇಲ್ಲ. ದರ್ಜಿ ಅಜ್ಜಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು.

"ಏನಂದ್ರೇ?"

ಬುಗುರಿ ಅತ್ತೆಯ ಕಿವಿಯ ಹತ್ತಿರ ಬಾಗಿದಳು. "ಇವತ್ತು ಈ ಮೈದಾನದಲ್ಲಿ ಯಾರಿಗೂ ಮೋಸ ಆಗಲಿಲ್ಲ, ಅದಕ್ಕೆ ಈ ಅಮ್ಮ ಕಾರಣ ಅಂದ್ರು, ಅತ್ತೆ. ನಾನು ನಿಮ್ಮನ್ನ ತಡೆಯೋಕೆ ನೋಡಿದ್ನಲ್ಲ..."

"ತಡೆದ್ರೆ ನಿಲ್ಲೋ ಪೈಕಿನಾ ನಾನು?" ಎಂದಳು ಸುಣ್ಣದಕ್ಕ. ಎಲ್ಲಿ ನೋಡಬೇಕೆಂದು ತಿಳಿಯದೆ ಹೊಸ ಗೆರೆಗಳನ್ನೇ ನೋಡುತ್ತ ನಿಂತಳು.

ಉಳಿದ ಹದಿನೈದು ದಿನದಲ್ಲಿ ಮೂರು ಸಂಜೆ ಪ್ಲಂಬರು ಬಾಗಿಲು ತಟ್ಟಿದ. ರಿಲೇ ಓಟದ ಗೆರೆಗಳನ್ನು ಕಲಿಸಬೇಕಂತೆ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರವಿ ಕೂತರು. ಅಂಕಿ ಇಬ್ಬರಿಗೂ ಒಂದೇ ಆದ್ದರಿಂದ ಬುಗುರಿಯನ್ನು ಡ್ಯೂಟಿಗೆ ಕಳಿಸಿ ತಾವೇ ಮುಂದುವರಿಸಿದರು. ಬೆಳಗಿನ ಹೊತ್ತು ದರ್ಜಿ ಅಜ್ಜಿ ಸುಣ್ಣದಕ್ಕನನ್ನು ಮೈದಾನಕ್ಕೆ ಎಳೆದುಕೊಂಡು ಹೋಗುತ್ತಿದ್ದಳು. ಮೊದಲ ದಿನ ನಡಿಗೆ, ನಾಲ್ಕನೇ ದಿನಕ್ಕೆ ಓಟದಂಥದ್ದೇನೋ. ಹೊರಡುವ ಹಿಂದಿನ ದಿನ ಅಜ್ಜಿ ಅವಳ ಅಳತೆಗೆ ಹೊಲಿದ ಒಂದು ಹಳದಿ ಅಂಗಿ ತಂದುಕೊಟ್ಟಳು.

ಊರಿಗೆ ಬಂದ ವಾರವೇ ಸುಣ್ಣದಕ್ಕ ಶಾಲೆಗೆ ಹೋಗಿ ಹೆಡ್‌ಮಾಸ್ಟರ ಎದುರು ನಿಂತಳು.

"ಏನಮ್ಮ, ಮತ್ತೆ ಕೆಲಸ ಬೇಕಾ?" ಎಂದರು ಅವರು ನಗುತ್ತ.

"ಕೆಲಸ ಬೇಡ ಸಾರ್. ಭಾನುವಾರ ಬೆಳಿಗ್ಗೆ ಗೇಟಿನ ಬೀಗದ ಕೈ ಬೇಕು. ನಮ್ಮ ಹೆಂಗಸರು ಓಡ್ತಾರಂತೆ."

ಯಾವ ಹೆಂಗಸರು ಎಂದು ಅವರು ಕೇಳಲಿಲ್ಲ. ಅವಳು ಆಗಿನ್ನೂ ಯಾರನ್ನೂ ಕರೆದಿರಲಿಲ್ಲ. ಮೊದಲ ಭಾನುವಾರ ಮೂವರು ಬಂದರು. ಎರಡನೆಯದಕ್ಕೆ ಏಳು ಜನ. ಬ್ಯಾಂಕಿನ ಗುಮಾಸ್ತೆ, ಹೂವು ಮಾರುವವಳು, ಸೊಸೆಯನ್ನು ಕರೆತಂದ ಒಬ್ಬ ಅತ್ತೆ, ಅತ್ತೆಯನ್ನು ಮೀರಿಸಬಾರದೆಂದು ನಿಧಾನ ಓಡಿ ಬೈಸಿಕೊಂಡ ಆ ಸೊಸೆ. ಆರನೇ ಭಾನುವಾರ ಪಂದ್ಯ ಇಟ್ಟುಕೊಂಡರು. ಸುಣ್ಣದಕ್ಕ ಹಿಂದಿನ ಸಂಜೆಯೇ ಬಕೆಟ್ಟು ಹಿಡಿದು ಗೆರೆ ಎಳೆದಿದ್ದಳು. ಬೆಳಿಗ್ಗೆ ಹಳದಿ ಅಂಗಿ ತೊಟ್ಟು, ಸೀಟಿಯನ್ನು ಹೊಸ ಡ್ರಿಲ್ ಮೇಷ್ಟ್ರ ಕೈಗೆ ಕೊಟ್ಟು, ತಾನು ನಾಲ್ಕನೇ ಲೇನಿಗೆ ಹೋಗಿ ನಿಂತಳು.

"ಅಕ್ಕ, ನೀವೂನಾ?" ಎಂದರು ಮೇಷ್ಟ್ರು.

"ಊದಪ್ಪ ನೀನು" ಎಂದಳು ಸುಣ್ಣದಕ್ಕ, ಗೆರೆಗೆ ಸರಿಯಾಗಿ ಹೆಬ್ಬೆರಳು ಇಟ್ಟುಕೊಂಡು.